ಮಡಿಲಕ್ಕಿಯ ತೂಕ

ಮಡಿಲು ಕಟ್ಟಿಕೊಂಡು ಬಸ್ಸಿಗೆ ಕಾಯುವ ಹೆಂಗಸನ್ನು ಕಂಡರೆ ಯಾರಾದರೂ ಒಬ್ಬರು ಯಾರ ಮನೆಯ ಮಡಿಲಕ್ಕಿ ಎಂದು ಕೇಳಿಯೇ ಕೇಳುತ್ತಾರೆ. ಆದರೆ ಆ ಬೆಳಿಗ್ಗೆ ಭೀಮನಬೀಡಿನ ಅರಳಿಕಟ್ಟೆಯ ಹತ್ತಿರ ನಿಂತಿದ್ದ ಚಿಕ್ಕನಿಂಗಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಅವಳ ಮಗಳು ಮರಿತಾಯಿಯ ಕೂಸು ಹುಟ್ಟಿದ ನಾಲ್ಕನೇ ದಿನಕ್ಕೆ ಹೋಗಿತ್ತು. ಹೋಗಿ ಇವತ್ತಿಗೆ ಹನ್ನೊಂದು ದಿನ. ಸಾವಾದ ಮನೆಯ ಹೆಂಗಸು ಹೊಟ್ಟೆಯ ಮುಂದೆ ಅಕ್ಕಿ, ಕಾಯಿ, ಬೆಲ್ಲ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು ಎಲ್ಲಿಗೆ ಹೊರಟಳು ಎಂದು ಜನ ಮನಸ್ಸಿನಲ್ಲೇ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಎಂದು ಅವಳು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಗಂಡ ದೊಡ್ಡಮಾದಯ್ಯನಿಗೂ ಹೇಳಿರಲಿಲ್ಲ. ಹೇಳಿದ್ದರೆ, ಸತ್ತ ಮೇಲೆ ಆಸ್ಪತ್ರೆಗೆ ಯಾಕೆ ಎನ್ನುತ್ತಿದ್ದ. ಬುಟ್ಟಿಯಲ್ಲಿಟ್ಟುಕೊಂಡೋ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೋ ಬರಬಹುದಿತ್ತು. ಆದರೆ ಆವತ್ತು ಮಗಳು ಹೇಗೆ ಕಟ್ಟಿಕೊಂಡಿದ್ದಳೋ ಹಾಗೆಯೇ ಕಟ್ಟಿಕೊಂಡು ಹೋಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಬೆಳಗಿನ ಜಾವದಿಂದ ಅವಳ ತಲೆಗೆ ಹತ್ತಿಬಿಟ್ಟಿತ್ತು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತಳು. ಕಾಯಿ ಹೊಟ್ಟೆಗೆ ಒತ್ತುತ್ತಿತ್ತು. ಬಸುರಿಯರ ಹಾಗೆ ಕಾಲು ಅಗಲಿಸಿ ಕೂತಿದ್ದೇನೆ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು, ಕಾಲು ಕೂಡಿಸಿಕೊಂಡಳು. ಮನೆಯಲ್ಲಿ ಮರಿತಾಯಿ ಈಗ ಎದ್ದಿರುತ್ತಾಳೆ. ಎದ್ದರೂ ಗೋಡೆಯ ಕಡೆ ತಿರುಗಿಕೊಂಡೇ ಇರುತ್ತಾಳೆ. ತಣಿಗೆಯಲ್ಲಿ ಮುದ್ದೆ ಇಟ್ಟು ಬಂದರೆ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಒಣಗಿದ ಪೊರೆ ಕಟ್ಟಿರುತ್ತದೆ, ಒಂದು ತುತ್ತೂ ಮುರಿದಿರುವುದಿಲ್ಲ. ಕೂಸು ಹೋದಂದಿನಿಂದ ಹೀಗೆಯೇ. ಗಂಜಿ ಎರಡು ಗುಟುಕು, ನೀರು, ಅಷ್ಟೇ. ಒಂಬತ್ತು ತಿಂಗಳು ಅನ್ನಕ್ಕೆ ಬಾಯಿ ಬಿಡುತ್ತಿದ್ದ ಹುಡುಗಿ ಈಗ ತಂದಿಟ್ಟರೂ ಮುಟ್ಟುವುದಿಲ್ಲ. ಹೀಗೇ ಬಿಟ್ಟರೆ ಇವಳೂ ಹೋಗುತ್ತಾಳೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಚಿಕ್ಕನಿಂಗಮ್ಮನ ಕಣ್ಣಿಗೇ ಕಾಣುತ್ತಿತ್ತು. ನಿನ್ನೆ ಸಾಯಂಕಾಲ ತಲೆ ಬಾಚುತ್ತಿದ್ದಾಗ ಮರಿತಾಯಿ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದಳು.

"ಅವ್ವ, ಆವತ್ತು ಬಸ್ಸಲ್ಲಿ ಮಡ್ಲಕ್ಕಿ ಬಾಯ್ಗೆ ಆಕೊಂಡ್ನಲ್ಲ, ಅದ್ಕೇಯ ಕೂಸು ಓಗಿದ್ದು?"

ಅಲ್ಲ ಕಣಮ್ಮಿ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಎರಡೇ ಮಾತು. ಚಿಕ್ಕನಿಂಗಮ್ಮನ ಕೈ ಬಾಚಣಿಗೆಯ ಮೇಲೆ ನಿಂತುಬಿಟ್ಟಿತು. ಅಲ್ಲ ಎಂದರೆ, ಮತ್ತೆ ಯಾತಕ್ಕೆ ಎಂದು ಕೇಳುತ್ತಾಳಲ್ಲ. ಅದಕ್ಕೆ ಹೆದರಿ ಸುಮ್ಮನಾದಳು. ತಾಯಿ ಸುಮ್ಮನಾದದ್ದನ್ನು ಮಗಳು ಹೌದು ಎಂದುಕೊಂಡಳು, ಹಾಗೇ ಅರ್ಧ ಬಾಚಿದ ತಲೆಯಲ್ಲೇ ಮತ್ತೆ ಗೋಡೆಗೆ ತಿರುಗಿದಳು.

ಎಲ್ಲ ಪುಟ್ಟಸಿದ್ದಿಯಿಂದ. ಹಾಗನ್ನಬಾರದು, ಸತ್ತವಳ ಮೇಲೆ ಹಾಕಬಾರದು. ಪುಟ್ಟಸಿದ್ದಮ್ಮ ದೊಡ್ಡ ಮಗಳು, ಉಮ್ಮತ್ತೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದವಳು ತಾಯಿ ಏನು ಕೊಟ್ಟರೂ ಬೇಡವೆನ್ನದೆ ತಿನ್ನುತ್ತಿದ್ದಳು. ಚಿಕ್ಕನಿಂಗಮ್ಮ ಆಗ ಕೈ ಹಿಡಿದು ಬಡಿಸಿದವಳಲ್ಲ. ಬೆಳಿಗ್ಗೆ ಬೆಣ್ಣೆ ಹಚ್ಚಿದ ರೊಟ್ಟಿ, ಮಧ್ಯಾಹ್ನ ಎರಡು ಮುದ್ದೆ, ಅವರೆಕಾಳಿನ ಸಾರು, ಎರಡು ದಿನಕ್ಕೊಮ್ಮೆ ನಾಟಿಕೋಳಿ ಮೊಟ್ಟೆ. ಹುಡುಗಿ ಮೈತುಂಬಿ ಅಟ್ಟದ ಏಣಿ ಹತ್ತಲಾರದ ಹಾಗಾದಾಗ ತಾಯಿ ನಾಲ್ಕು ಮನೆಯವರಿಗೆ ತೋರಿಸಿ ಬೀಗಿದ್ದಳು. ಎರಡು ಹಗಲು ಎರಡು ರಾತ್ರಿ ನೋವು ತಿಂದರೂ ಕೂಸು ಇಳಿಯಲಿಲ್ಲ. ಚಾಮರಾಜನಗರದ ದೊಡ್ಡಾಸ್ಪತ್ರೆಗೇ ಹೋಗನ ಎಂದು ಗಾಡಿ ಕಟ್ಟಿದರು. ತೆರಕಣಾಂಬಿ ದಾಟುವ ಮುಂಚೆಯೇ, ಎತ್ತುಗಳಿಗೆ ನೀರು ಕುಡಿಸಲೆಂದು ನಿಂತ ಕಡೆ, ಎಲ್ಲ ಮುಗಿದಿತ್ತು. ವಾಪಸು ಬಂದಾಗ ಸೂಲಗಿತ್ತಿ ಮುದುಕಿ ಕೈ ತೊಳೆದುಕೊಳ್ಳುತ್ತಾ, ತಿನ್ಸಿ ತಿನ್ಸಿ ಒಟ್ಟೇಲೇ ಕೂಸ್ನ ಗುಂಡ್ಕಲ್ ಮಾಡ್ಬುಟ್ಟೆ ಕಣವ್ವ, ಅದೆಲ್ಲಿಂದ ಬಂದಾದು ಎಂದಳು. ಬೈದದ್ದಲ್ಲ, ಇದ್ದದ್ದನ್ನು ಹೇಳುವವಳ ಹಾಗೆ ಹೇಳಿದಳು. ಅಂಗಳದಲ್ಲಿದ್ದ ಹೆಂಗಸರೆಲ್ಲ ಚಿಕ್ಕನಿಂಗಮ್ಮನ ಕೈಗಳನ್ನು ನೋಡಿದರು. ಅವತ್ತಿನಿಂದ ಆ ಕೈ ಯಾರಿಗೆ ಬಡಿಸಿದರೂ ಒಂದು ಕ್ಷಣ ತಡೆಯುತ್ತಿತ್ತು.

ಹಾಗಾಗಿ ಮೂರು ವರ್ಷ ಕಳೆದು ಮರಿತಾಯಿ ಬಸುರಾದ ತಿಂಗಳಲ್ಲೇ ತೌರಿಗೆ ಬಂದಾಗ ತಾಯಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಅರ್ಧ ಮುದ್ದೆ. ಆರನೇ ತಿಂಗಳಾದ ಮೇಲೆ ಅರ್ಧಕ್ಕಿಂತಲೂ ಚೂರು ಕಡಿಮೆ. ಬೆಣ್ಣೆ ಮುಟ್ಟಕೂಡದು, ಬೇಳೆ ಬೇಡ, ಬಾಳೆಹಣ್ಣು ಬೇಡವೇ ಬೇಡ. ಹೊಟ್ಟೆಯಲ್ಲಿ ಅನ್ನ ತುಂಬಿದರೆ ಕೂಸಿಗೆ ಉಸಿರಾಡಲು ಜಾಗವೆಲ್ಲಿ ಎಂದು ಸೂಲಗಿತ್ತಿ ಹೇಳಿದ್ದನ್ನು ಚಿಕ್ಕನಿಂಗಮ್ಮ ಮಗಳಿಗೂ ಹೇಳಿದಳು, ತನಗೂ ಹೇಳಿಕೊಂಡಳು. ಮರಿತಾಯಿ ಎದುರಾಡುವ ಹುಡುಗಿಯಲ್ಲ. ತಣಿಗೆಯನ್ನು ಬೆರಳಲ್ಲಿ ಬಳಿದು ನೆಕ್ಕಿ, ಇನ್ನೂ ಏನಾದರೂ ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಎದ್ದು ಹೋಗುತ್ತಿದ್ದಳು. ಒಂದು ದಿನ ಮುದ್ದೆಯ ಮಡಕೆ ತೊಳೆಯಲೆಂದು ಹಿತ್ತಲಿಗೆ ಒಯ್ದರೆ ತಳ ಹಿಡಿದಿದ್ದ ಸೀಕು ಪೂರಾ ಕೆರೆದುಹೋಗಿತ್ತು, ನಾಯಿ ನೆಕ್ಕಿದ ಹಾಗೆ ಮಡಕೆ ಚೊಕ್ಕಟವಾಗಿತ್ತು. ಚಿಕ್ಕನಿಂಗಮ್ಮ ಯಾರು ಕೆರೆದರು ಎಂದು ಕೇಳಲಿಲ್ಲ. ಮಾರನೆಯ ದಿನದಿಂದ ಮುದ್ದೆ ತಿರುವಿದ ಕೂಡಲೇ ಮಡಕೆಗೆ ನೀರು ಹೊಯ್ಯತೊಡಗಿದಳು. ಅದು ಈಗ, ಬಸ್ಸು ಹಳ್ಳಕ್ಕೆ ಇಳಿದು ಏರುವಾಗ, ನೆನಪಾಯಿತು. ಮಗಳ ಪ್ರಾಣ ಉಳಿಸಬೇಕೆಂದು ಅಲ್ಲವೇ ಮಾಡಿದ್ದು? ಹೌದು, ಅದಕ್ಕೇ. ಆದರೂ ಆ ನೀರು ಹೊಯ್ಯುವಾಗ ಒಂದು ಬಗೆಯ ಗೆಲುವು ಅನ್ನಿಸಿತ್ತಲ್ಲ, ಅದು ಯಾತಕ್ಕೆ?

ಗುಂಡ್ಲುಪೇಟೆಯ ಹೆರಿಗೆ ಕೇಂದ್ರದ ನರ್ಸಮ್ಮ ವೈನಾಡಿನ ಕಡೆಯವಳು, ಪುಸ್ತಕದ ಹಾಗೆ ನಿಧಾನವಾಗಿ ಕನ್ನಡ ಆಡುತ್ತಿದ್ದಳು. ತಾಯಿ ಮಕ್ಕಳ ಯೋಜನೆಯ ಜೀಪಿನಲ್ಲಿ ಊರಿಗೆ ಬಂದು ಬಸುರಿಯರ ಹೆಸರು ಬರೆದುಕೊಂಡು ಹೋದವಳು ಅವಳೇ. ತಿಂಗಳಿಗೊಮ್ಮೆ ಬಂದು ತೂಕ ನೋಡಿಸಿಕೊಳ್ಳಬೇಕು ಎಂದಳು, ಚೀಟಿ ಕೊಟ್ಟಳು, ಹಾಲಿನ ಪುಡಿಯ ಪೊಟ್ಟಣ ಕೊಟ್ಟಳು. ಆ ಪುಡಿಯನ್ನು ಚಿಕ್ಕನಿಂಗಮ್ಮ ನೀರಿಗೆ ಕದಡಿ ಕರುವಿಗೆ ಕುಡಿಸಿದಳು. ಕರು ಮಿರಮಿರನೆ ಮಿಂಚುತ್ತಾ ಬೆಳೆಯಿತು. ನೋಡಿದಿರಾ, ಆ ಪುಡಿ ತಿಂದಿದ್ದರೆ ಕೂಸು ಹೀಗೇ ಆಗುತ್ತಿತ್ತು ಎಂದು ಅವಳು ಗಂಡನಿಗೆ ತೋರಿಸಿದಳು. ಏಳನೇ ತಿಂಗಳಲ್ಲಿ ತೂಕದ ಮುಳ್ಳು ತೊಂಬತ್ತಮೂರು ಪೌಂಡಿಗೆ ನಿಂತಾಗ ನರ್ಸಮ್ಮನ ಮುಖ ಗಂಟಾಯಿತು. ಹೋದ ತಿಂಗಳೂ ಇಷ್ಟೇ ಇತ್ತು, ಏನು ತಿನ್ನುತ್ತಾಳೆ ಇವಳು ಎಂದು ಕೇಳಿದಳು. ಎಲ್ಲಾ ತಿಂತಾಳೆ ಅಮ್ಮಾರೆ, ಮೈಗೆ ಅತ್ತಕ್ಕಿಲ್ಲ ಎಂದು ತಾಯಿ ಹೇಳಿದಳು. ಮಗಳು ನೆಲ ನೋಡುತ್ತಾ ನಿಂತಿದ್ದಳು. ಹತ್ತು ಜನ ಬಸುರಿಯರ ಮುಂದೆ ನರ್ಸಮ್ಮ ಮರಿತಾಯಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿ, ಮುಂದಿನ ತಿಂಗಳೂ ತೂಕ ಏರದಿದ್ದರೆ ಹೆರಿಗೆಯವರೆಗೆ ಇಲ್ಲೇ ಇರಿಸಿಕೊಂಡು ಹಾಲು ಮೊಟ್ಟೆ ನಾನೇ ತಿನ್ನಿಸುತ್ತೇನೆ ಎಂದಳು. ಆ ಮಾತು ಚಿಕ್ಕನಿಂಗಮ್ಮನಿಗೆ ಜೈಲಿಗೆ ಹಾಕುತ್ತೇನೆ ಎಂದ ಹಾಗೆ ಕೇಳಿಸಿತು. ಹಾಲು ಮೊಟ್ಟೆ ತಿನ್ನಿಸುತ್ತಾಳಂತೆ. ಗಾಡಿಯಲ್ಲಿ ಮಲಗಿದ್ದ ಪುಟ್ಟಸಿದ್ದಿಯ ಮುಖ ಕಣ್ಣೆದುರು ಬಂತು.

ಮುಂದಿನ ತಿಂಗಳು ಹೋಗಬೇಕಾದ ದಿನ ಬಸ್ಸು ಬೇಗ ಮುಟ್ಟಿಸಿತು. ದೊಡ್ಡಮಾದಯ್ಯನ ತಂಗಿ ಮಂಗಮ್ಮ ಗುಂಡ್ಲುಪೇಟೆಯಲ್ಲೇ ಇದ್ದಳು. ಸ್ವಲ್ಪ ಹೊತ್ತು ಕೂತು ಹೋಗನ ಎಂದು ಅವಳ ಮನೆಗೆ ಹೋದರು. ಎಂಟು ತಿಂಗಳ ಬಸುರಿ ಮನೆಗೆ ಬಂದರೆ ಬರಿ ಮಡಿಲಲ್ಲಿ ಕಳಿಸುವವರುಂಟೆ? ಮಂಗಮ್ಮ ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ ಇಟ್ಟು ಮರಿತಾಯಿಯ ಮಡಿಲು ತುಂಬಿ, ಸೀರೆಯೊಳಗೆ ಬಿಗಿಯಾಗಿ ಸಿಕ್ಕಿಸಿ, ಸೆರಗು ಹೊದಿಸಿದಳು. ಮಡಿಲು ತುಂಬಿದ ಮೇಲೆ ಊರಿಗೆ ಹೋಗಿ ದೇವರ ದೀಪದ ಮುಂದೆಯೇ ಬಿಚ್ಚಬೇಕು, ನಡುವೆ ಬಿಚ್ಚಬಾರದು. ಇದು ಎಲ್ಲರಿಗೂ ಗೊತ್ತಿರುವ ಮಾತು. ಕೇಂದ್ರದಲ್ಲಿ ಆವತ್ತು ಜನವೋ ಜನ. ನರ್ಸಮ್ಮ ತಲೆ ಎತ್ತದೆ ಒಬ್ಬೊಬ್ಬರನ್ನೇ ತಕ್ಕಡಿಯ ಹಲಗೆಯ ಮೇಲೆ ಹತ್ತಿಸುತ್ತಿದ್ದಳು. ಮರಿತಾಯಿಯ ಸರದಿ ಬಂದಾಗ ಹುಡುಗಿ ಮಡಿಲಿಗೆ ಕೈ ಹಾಕಿದಳು, ಬಿಚ್ಚಲಾ ಎನ್ನುವ ಹಾಗೆ ತಾಯಿಯನ್ನು ನೋಡಿದಳು. ತಾಯಿ ಬೇಡ ಎಂದು ಕಣ್ಣಲ್ಲೇ ಅಂದಳು. ಅಷ್ಟೇ ನಡೆದದ್ದು. ಶಾಸ್ತ್ರಕ್ಕೆ ಬೇಡ ಎಂದಳೋ, ತೂಕಕ್ಕೆ ಬೇಡ ಎಂದಳೋ? ಆ ಕ್ಷಣವನ್ನು ಚಿಕ್ಕನಿಂಗಮ್ಮ ನೂರು ಸಲ ತಿರುವಿ ಹಾಕಿದ್ದಾಳೆ. ಮೊದಲು ಶಾಸ್ತ್ರವೇ ಮನಸ್ಸಿಗೆ ಬಂತು, ದೇವರಾಣೆಗೂ ಅದೇ ಬಂತು. ಆದರೆ ಮುಳ್ಳು ತೊಂಬತ್ತೊಂಬತ್ತಕ್ಕೆ ಹೋದದ್ದನ್ನು ನರ್ಸಮ್ಮ ಗಟ್ಟಿಯಾಗಿ ಓದಿ, ಮೊದಲ ಸಲ ಮರಿತಾಯಿಯ ಮುಖ ನೋಡಿ ನಕ್ಕು, ಆರು ಪೌಂಡು ಏರಿದೆ, ಜಾಣೆ ಎಂದು ಅವಳ ಕೆನ್ನೆ ತಟ್ಟಿದಾಗ? ಆಗ ಶಾಸ್ತ್ರ ಎಲ್ಲಿತ್ತು? ಅಮ್ಮಾರೆ, ಮಡ್ಲಲ್ಲಿ ಅಕ್ಕಿ ಅದೆ ಎಂದು ಹೇಳಲು ಯಾವ ದೇವರೂ ಅಡ್ಡ ಬಂದಿರಲಿಲ್ಲ. ಚೀಟಿಯ ಮೇಲೆ ಸಂಖ್ಯೆ ಬರೆಯುವಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಗಳ ಮುಖದಲ್ಲಿ ಒಂದು ಥರದ ಹೆಮ್ಮೆ ಕಾಣಿಸಿತ್ತು, ಯಾರೋ ಹೊಗಳಿದರಲ್ಲ ಎಂದು. ಅದು ನೆನಪಾದರೆ ಚಿಕ್ಕನಿಂಗಮ್ಮನಿಗೆ ಸಾಯಬೇಕೆನ್ನಿಸುತ್ತದೆ.

ಆಮೇಲೆ ವಾಪಸು ಬರುವ ಬಸ್ಸು. ಇದೇ ರಸ್ತೆ, ಇದೇ ಹಳ್ಳ. ಮಧ್ಯಾಹ್ನದ ಬಿಸಿಲಿಗೆ ಚಿಕ್ಕನಿಂಗಮ್ಮನಿಗೆ ತೂಕಡಿಕೆ ಬಂದಿತ್ತು. ಪಕ್ಕದಲ್ಲಿ ಕರಕರ ಎನ್ನುವ ಸದ್ದಿಗೆ ಎಚ್ಚರಾಯಿತು. ನೋಡಿದರೆ ಮರಿತಾಯಿ ಸೆರಗಿನೊಳಗೆ ಕೈ ಹಾಕಿ ಮಡಿಲಿಂದ ಒಂದು ಹಿಡಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಿದ್ದಾಳೆ, ಕೆನ್ನೆ ಉಬ್ಬಿದೆ, ಕಣ್ಣು ಮುಚ್ಚಿದೆ. ಬಸುರಿಯರಿಗೆ ಹಸಿ ಅಕ್ಕಿಯ ಮೇಲೆ ಆಸೆ ಇರುವುದು ಇದ್ದದ್ದೇ. ಇವಳದ್ದು ಆಸೆಯಲ್ಲ, ಹಸಿವು. ಅದು ತಾಯಿಗೆ ತಿಳಿಯಿತು, ತಿಳಿದದ್ದಕ್ಕೇ ಸಿಟ್ಟು ಬಂತು. ಹಿಡಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದಳು. ಅದನ್ನು ಹೇಳಲಿಲ್ಲ. ಹೇಳಿದ್ದು ಬೇರೆ.

"ದೇವ್ರ ಮುಂದ ಮಡಗ್ದಂಗೇ ತಿಂದ್ಯಾ? ಕೂಸ್ಗೆ ತಗಲ್ತದೆ ಕಣಮ್ಮಿ. ಉಗಿ."

ಮರಿತಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಉಗಿದಳು. ಅರ್ಧ ಅಗಿದ ಬಿಳಿ ಅಕ್ಕಿ ಬಸ್ಸಿನ ಮೈಗೆ ಅಂಟಿಕೊಂಡಿತು. ಹಿಂದಿನ ಸೀಟಿನವರು ನಕ್ಕರು. ಹುಡುಗಿ ಬಾಯಿ ಒರೆಸಿಕೊಂಡು, ಊರು ಬರುವವರೆಗೂ ಎರಡೂ ಕೈಗಳನ್ನು ಮಡಿಲ ಮೇಲೆ ಇಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಮಿಕ್ಕ ಅಕ್ಕಿಯನ್ನು ಕೂಸಿನ ತೊಟ್ಟಿಲು ಶಾಸ್ತ್ರಕ್ಕೆ ಪಾಯಸ ಮಾಡೋಣ ಎಂದು ಚಿಕ್ಕನಿಂಗಮ್ಮ ಹೊಸ ಮಡಕೆಯಲ್ಲಿ ಹಾಕಿ, ಕಾಯಿ ಬೆಲ್ಲ ಮೇಲಿಟ್ಟು ಬಾಯಿ ಕಟ್ಟಿದಳು. ಇವತ್ತು ಬೆಳಿಗ್ಗೆ ಬಿಚ್ಚಿ ತನ್ನ ಮಡಿಲಿಗೆ ಕಟ್ಟಿಕೊಂಡದ್ದು ಅದನ್ನೇ.

ಹೆರಿಗೆ ಸಲೀಸಾಗಿ ಆಯಿತು. ಸೂಲಗಿತ್ತಿ ಮುದುಕಿ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಕೂಸು ನೆಲಕ್ಕೆ ಬಂದಿತ್ತು. ಮರಿತಾಯಿ ಕಿರುಚಲೂ ಇಲ್ಲ. ಅಂಗಳದ ಹೆಂಗಸರ ಮುಂದೆ ಚಿಕ್ಕನಿಂಗಮ್ಮ, ನೋಡ್ದ್ರಾ ಎಂದಳು. ನಿಜವಾಗಿ ಹಾಗೆಂದಳು, ಎದೆ ಉಬ್ಬಿಸಿ ಅಂದಳು. ಗೆದ್ದೆ ಎಂದುಕೊಂಡಿದ್ದಳು. ಒಳಗೆ ಹೋಗಿ ಕೂಸನ್ನು ಕೈಗೆ ತೆಗೆದುಕೊಂಡಾಗ ಕೈಗೆ ಏನೂ ಬಂದ ಹಾಗಾಗಲಿಲ್ಲ. ಅಳಿಲಿನಷ್ಟಿತ್ತು. ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮೊಲೆ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ, ಹಿಡಿದರೂ ಅಲ್ಲಿ ಹಾಲಿರಲಿಲ್ಲ. ನಾಲ್ಕು ದಿನ ಹಸುವಿನ ಹಾಲಲ್ಲಿ ಅದ್ದಿದ ಬತ್ತಿ ಚೀಪಿಸಿದರು. ಕರು ಮಾತ್ರ ಹಿತ್ತಲಲ್ಲಿ ಕುಣಿಯುತ್ತಿತ್ತು. ಮರಿತಾಯಿಯ ಗಂಡ ಮುದ್ದಯ್ಯ ತೆರಕಣಾಂಬಿಯಿಂದ ಬರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಆರನೆಯ ದಿನ ಜೀಪಿನಲ್ಲಿ ಬಂದ ನರ್ಸಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತೂಕ ಚೆನ್ನಾಗಿಯೇ ಏರಿತ್ತಲ್ಲ, ನಾನು ಎಲ್ಲಿ ತಪ್ಪಿದೆ ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಗಲೂ ಚಿಕ್ಕನಿಂಗಮ್ಮ ಬಾಗಿಲ ಮರೆಯಲ್ಲೇ ನಿಂತಿದ್ದಳು.

ಗುಂಡ್ಲುಪೇಟೆ ಬಂತು. ಇವತ್ತು ತೂಕದ ದಿನವಲ್ಲ, ಕೇಂದ್ರದಲ್ಲಿ ಜನವಿರಲಿಲ್ಲ. ನರ್ಸಮ್ಮ ಮೇಜಿನ ಮೇಲೆ ಹತ್ತಿ ಸುತ್ತುತ್ತಿದ್ದವಳು ಗುರುತು ಹಿಡಿದು ಎದ್ದು ನಿಂತಳು. ಮರಿತಾಯಿಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದಳು. ಚಿಕ್ಕನಿಂಗಮ್ಮ ಏನೂ ಹೇಳದೆ ಚಪ್ಪಲಿ ಬಿಟ್ಟು ನೆಟ್ಟಗೆ ತಕ್ಕಡಿಯ ಹಲಗೆಯ ಮೇಲೆ ಹತ್ತಿ ನಿಂತಳು.

"ನನ್ನ ವಸಿ ತೂಗ್ರಮ್ಮಾರೆ," ಎಂದಳು. "ಆಮ್ಯಾಕೆ ಮಡ್ಲು ಬಿಚ್ತೀನಿ, ಇನ್ನೊಂದ್ ಕಿತ ತೂಗಿ."

ದುಃಖಕ್ಕೆ ತಲೆ ಕೆಟ್ಟಿದೆ ಎಂದು ನರ್ಸಮ್ಮ ಅಂದುಕೊಂಡಿರಬೇಕು. ಆದರೂ ತೂಗಿದಳು. ಚಿಕ್ಕನಿಂಗಮ್ಮ ಇಳಿದು, ಮಡಿಲು ಬಿಚ್ಚಿ, ಅಕ್ಕಿ, ಕಾಯಿ, ಬೆಲ್ಲದಚ್ಚುಗಳನ್ನು ಮೇಜಿನ ಮೇಲೆ ಇಟ್ಟು ಮತ್ತೆ ಹತ್ತಿದಳು. ಎರಡು ತೂಕಕ್ಕೂ ಐದೂ ಮುಕ್ಕಾಲು ಪೌಂಡಿನ ವ್ಯತ್ಯಾಸವಿತ್ತು. ಅದನ್ನು ಗಟ್ಟಿಯಾಗಿ ಓದಿದ ನರ್ಸಮ್ಮ ಮೇಜಿನ ಕಡೆ ನೋಡಿದಳು, ಅಕ್ಕಿಯನ್ನು ನೋಡಿದಳು, ಕೊನೆಗೆ ಚಿಕ್ಕನಿಂಗಮ್ಮನ ಮುಖವನ್ನು ನೋಡಿದಳು. ಎಲ್ಲ ಅವಳಿಗೆ ತಿಳಿಯಿತು. ದೊಡ್ಡ ಪುಸ್ತಕ ತೆಗೆದು, ಹಾಳೆ ತಿರುಗಿಸಿ, ಮರಿತಾಯಿಯ ಹೆಸರಿನ ಮುಂದೆ ಬೆರಳಿಟ್ಟಳು. ಪೆನ್ನು ಎತ್ತಿದವಳು ಬರೆಯದೆ ಹಾಗೇ ನಿಂತಳು.

"ಆವತ್ತು ಆರು ಏರಿತ್ತು," ಎಂದಳು. "ಇದು ಐದೂ ಮುಕ್ಕಾಲು."

"ಮಿಕ್ಕಿದ್ದೂ ಅವಳ ತೂಕ ಅಲ್ಲ ಕಣ್ರಮ್ಮಾರೆ. ಎಲೆ ಅಡಿಕೆ ಇತ್ತು, ಒಣಗೋಯ್ತು. ಅಕ್ಕೀಲಿ ಒಂದ್ ಇಡಿ ಕಮ್ಮಿ ಅದೆ. ಬಸ್ಸಲ್ಲಿ ಒಟ್ಟೆ ಅಸ್ದು ಬಾಯ್ಗೆ ಆಕೊಂಡ್ಲು." ಚಿಕ್ಕನಿಂಗಮ್ಮ ಹಲಗೆಯಿಂದ ಇಳಿದಳು. "ಅದ್ನೂ ನಾ ಉಗಿಸ್ಬುಟ್ಟೆ."

ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ನರ್ಸಮ್ಮ ಕುರ್ಚಿಯ ಮೇಲೆ ಕೂತು ಹಣೆಗೆ ಕೈ ಹಚ್ಚಿ, ನಾನು ಸೆರಗು ಸರಿಸಿ ನೋಡಬೇಕಾಗಿತ್ತು ಎಂದಳು. ಆಮೇಲೆ ತೊಂಬತ್ತೊಂಬತ್ತನ್ನು ಹೊಡೆದು ಹಾಕಿ ತೊಂಬತ್ತಮೂರು ಎಂದು ಬರೆದಳು. ಚಿಕ್ಕನಿಂಗಮ್ಮ ಪುಟ್ಟಸಿದ್ದಿಯ ಸಾವನ್ನೂ ಸೂಲಗಿತ್ತಿಯ ಮಾತನ್ನೂ ಹೇಳಿದಳು. ದೊಡ್ಡವಳ ಕೂಸು ಇಳಿಯದೆ ಹೋದದ್ದು ತಿಂದದ್ದಕ್ಕೇ ಎಂದು ಯಾರಿಗೂ ಹೇಳಲು ಬರುವುದಿಲ್ಲ, ಸೊಂಟದ ಎಲುಬು ಇಕ್ಕಟ್ಟಾಗಿದ್ದರೂ ಹಾಗಾಗುತ್ತದೆ, ಎರಡು ದಿನ ಕಾಯದೆ ಮೊದಲ ದಿನವೇ ಗಾಡಿ ಕಟ್ಟಬೇಕಾಗಿತ್ತು ಎಂದು ನರ್ಸಮ್ಮ ಮೆಲ್ಲಗೆ ಹೇಳಿದಳು. ಆ ಮಾತನ್ನು ಚಿಕ್ಕನಿಂಗಮ್ಮ ಕೇಳಿಸಿಕೊಂಡಳು, ಆದರೆ ಒಳಕ್ಕೆ ಬಿಟ್ಟುಕೊಳ್ಳಲು ಆವತ್ತು ಅವಳಲ್ಲಿ ಜಾಗವಿರಲಿಲ್ಲ. ಮರಿತಾಯಿ ಉಣ್ಣುವುದನ್ನೇ ಬಿಟ್ಟಿದ್ದಾಳೆ, ಅಕ್ಕಿ ತಿಂದದ್ದಕ್ಕೇ ಕೂಸು ಹೋಯಿತು ಎಂದುಕೊಂಡಿದ್ದಾಳೆ ಎಂದಳು. ನರ್ಸಮ್ಮ ಕಾಯಿ, ಬೆಲ್ಲ, ಅಕ್ಕಿಯನ್ನು ತಾನೇ ಎತ್ತಿ ಅವಳ ಮಡಿಲಿಗೆ ಹಾಕಿದಳು.

"ನನ್ನ ಹತ್ತಿರ ಹೇಳಿದ್ದನ್ನು ಅವಳ ಹತ್ತಿರ ಹೇಳಿ, ಅಮ್ಮ. ಇವತ್ತೇ ಹೇಳಿ."

ಮನೆ ಸೇರಿದಾಗ ಮಧ್ಯಾಹ್ನ. ದೊಡ್ಡಮಾದಯ್ಯ ಹೊಲದಲ್ಲಿದ್ದ. ಬೆಳಿಗ್ಗೆ ಇಟ್ಟು ಹೋದ ಮುದ್ದೆ ಹಾಗೇ ಇತ್ತು. ಚಿಕ್ಕನಿಂಗಮ್ಮ ಒಲೆ ಹೊತ್ತಿಸಿದಳು. ದೇವರ ದೀಪದ ಮುಂದೆ ಇಡಲಿಲ್ಲ, ಕೈ ಮುಗಿಯಲಿಲ್ಲ. ಎರಡು ಪಾವು ಅಕ್ಕಿ ತೊಳೆದು ಹಾಕಿ, ಬೆಲ್ಲ ಕುಟ್ಟಿ, ಕಾಯಿ ಒಡೆದು ತುರಿದಳು. ಕಾಯಿ ಇನ್ನೂ ಚೆನ್ನಾಗಿತ್ತು. ಅನ್ನ ಬೇಯುತ್ತಿದ್ದ ಹಾಗೆ ಮಗಳ ಚಾಪೆಯ ಪಕ್ಕ ಬಂದು ಕೂತಳು. ಬೆನ್ನು ನೋಡಿಕೊಂಡೇ ಹೇಳಿದಳು, ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ತಕ್ಕಡಿಯ ಮೇಲೆ ಏರಿದ್ದು ನಿನ್ನ ತೂಕವಲ್ಲ, ಅಕ್ಕಿಯ ತೂಕ, ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದಳು. ಹಾಲಿನ ಪುಡಿಯನ್ನು ಕರುವಿಗೆ ಕುಡಿಸಿದೆ ಎಂದಳು. ಮಡಕೆಗೆ ನೀರು ಹೊಯ್ದದ್ದನ್ನೂ ಹೇಳಿದಳು.

"ಕೂಸ್ಗೆ ತಗಲ್ತದೆ ಅಂದಿದ್ದು ಸುಳ್ಳು ಕಣಮ್ಮಿ. ನೀ ತಿಂದ್ರೆ ಕೂಸು ದಪ್ಪಾಯ್ತದಲ್ಲ ಅಂತ ನಂಗ್ ಭಯ ಆಯ್ತು. ನೀನೇನೂ ಮಾಡ್ನಿಲ್ಲ. ಎಲ್ಲಾ ನಾನೇ ಮಾಡ್ದೆ."

ಎದ್ದು ಹೋಗಿ ಬೆಂದ ಅನ್ನಕ್ಕೆ ಬೆಲ್ಲ, ಕಾಯಿತುರಿ ಹಾಕಿ ತಿರುವಿ ಬಂದಳು. ಬೆಲ್ಲದ ಗಮಲು ಮನೆ ತುಂಬಿತು. ಆಮೇಲೆ ಮರಿತಾಯಿ ಗೋಡೆಗೆ ಮುಖ ಮಾಡಿಯೇ ಕೇಳಿದಳು.

"ಅಕ್ಕ ಓದ್ಲಲ್ಲ, ಅದ್ಕಾ?"

"ಊಂ."

"ಅಕ್ಕ ಒಟ್ಟೆ ತುಂಬ ಉಂಡ್ಕೊಂಡಾದ್ರೂ ಓದ್ಲು," ಎಂದಳು ಮರಿತಾಯಿ.

ಅಷ್ಟು ಹೇಳಿ ಎದ್ದು ಕೂತಳು. ಅರ್ಧ ಬಾಚಿದ ತಲೆ ಹಾಗೇ ಇತ್ತು. ತಣಿಗೆಯಲ್ಲಿದ್ದ ಒಣ ಮುದ್ದೆಯನ್ನು ಪಕ್ಕಕ್ಕೆ ತೆಗೆದಿಟ್ಟು, ತಣಿಗೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಕಾದಳು. ಚಿಕ್ಕನಿಂಗಮ್ಮ ಪಾತ್ರೆ ಇಳಿಸಿ ತಂದು, ಬಿಸಿ ಬಿಸಿ ಅನ್ನವನ್ನು ಸೌಟಿನಲ್ಲಿ ತುಂಬಿ ತಣಿಗೆಯ ಮೇಲೆ ಬಗ್ಗಿಸಿದಳು. ಅರ್ಧ ಬಿತ್ತು. ಮಿಕ್ಕರ್ಧ ಸೌಟಿನಲ್ಲೇ ಇರುವಾಗ ಕೈ ತಾನಾಗಿ ಮೇಲಕ್ಕೆದ್ದುಬಿಟ್ಟಿತು. ಅವಳು ಬೇಕೆಂದು ಎತ್ತಲಿಲ್ಲ. ಒಂಬತ್ತು ತಿಂಗಳ ರೂಢಿ. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಮರಿತಾಯಿ ಸೌಟನ್ನು ನೋಡಿದಳು.

"ಆಕವ್ವ," ಎಂದಳು.

ಚಿಕ್ಕನಿಂಗಮ್ಮ ಹಾಕಿದಳು. ಇನ್ನೊಂದು ಸೌಟು, ಮತ್ತೊಂದು ಸೌಟು, ಪಾತ್ರೆಯಲ್ಲಿದ್ದದ್ದನ್ನೆಲ್ಲ ಹಾಕಿದಳು. ಮರಿತಾಯಿ ಕೈ ಸುಡುತ್ತಿದ್ದರೂ ಲೆಕ್ಕಿಸದೆ ಉಂಡಳು, ತಣಿಗೆಯ ತಳ ಕಾಣುವವರೆಗೆ ಉಂಡಳು. ಉಂಡು ಮುಗಿಸಿ ಬೆರಳಲ್ಲಿ ಬಳಿದು ನೆಕ್ಕಿ, ಇನ್ನೂ ಏನಾದರೂ ಬರಬಹುದೇನೋ ಎನ್ನುವ ಹಾಗೆ ಸ್ವಲ್ಪ ಹೊತ್ತು ಕೂತೇ ಇದ್ದಳು. ಅವ್ವನ ಮುಖವನ್ನು ಮಾತ್ರ ನೋಡಲಿಲ್ಲ.